ಮಡ್ಡಿ ನೆಲ ಕೊಂಡವಳು

ಬಾವಿಯ ಹೂಳು ತೆಗೆಸಿ ಸೇದಿದ ಮೊದಲ ಕೊಡದ ನೀರಿನ ಮೇಲೆ ನವಿಲುಗರಿಯ ಬಣ್ಣ ತೇಲುತ್ತಿತ್ತು. ಬೆರಳದ್ದಿ ಮೂಸಿದೆ. ಲಾರಿಯ ವಾಸನೆ. ಹಿಂದೂಪುರದಲ್ಲಿ ನನ್ನದು ಅಂತ ಕೊಂಡ ಮೊದಲ ಜಾಗ ಅದು. ಅಲ್ಲಿ ಖಾನಾವಳಿ ಕಟ್ಟಬೇಕೆಂದಿದ್ದೆ. ಅಂಥ ನೀರಿನಲ್ಲಿ ಹಿಟ್ಟು ಕಲಸಿ ಯಾರಿಗೆ ಉಣ್ಣಿಸಲಿ?

ನಾನು ಗದಗದ ಕಡೆಯವಳು. ಎಂಬತ್ತರ ದಶಕದಲ್ಲಿ ನಮ್ಮವರಿಗೆ ಇಲ್ಲಿನ ಬೆಲ್ಲದ ಮಂಡಿಯಲ್ಲಿ ಗುಮಾಸ್ತಿಕೆ ಸಿಕ್ಕಿತೆಂದು ಬಂದೆವು. ಎರಡೇ ವರ್ಷಕ್ಕೆ ಅವರು ತೀರಿಕೊಂಡರು. ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಕೋಣೆಯಲ್ಲಿ ನಾನು ರೊಟ್ಟಿ ಬಡಿಯಲು ಕೂತೆ. ನಮ್ಮಲ್ಲಿ ರೊಟ್ಟಿ ಇಲ್ಲದ್ದು ಊಟವೇ ಅಲ್ಲ. ಇಲ್ಲಿನವರಿಗೆ ಸಂಗಟಿ, ಅಂದರೆ ರಾಗಿ ಮುದ್ದೆ, ಬೇಕು. ಅದನ್ನೂ ಕಲಿತೆ, ತೆಲುಗನ್ನೂ ಅರೆಬರೆ ಕಲಿತೆ. ಆ ಅರೆಬರೆಯೇ ನನ್ನನ್ನು ಮುಳುಗಿಸಿತು.

ಓಬುಳಪ್ಪ ಎನ್ನುವವನು ಲಾರಿ ರಿಪೇರಿಯ ಶೆಡ್ಡು ಮುಚ್ಚಿ ಕಲ್ಯಾಣದುರ್ಗಕ್ಕೆ ಹೊರಟಿದ್ದ. ಅವನ ಜಾಗ ನೋಡಲು ಹೋದಾಗ, ನಾಲ್ಕು ಜನರ ಎದುರಿಗೆ, “ಇದಿ ಮಡ್ಡಿ ನೇಲಮ್ಮಾ” ಎಂದ. ನನಗೆ ಹಿಗ್ಗೋ ಹಿಗ್ಗು. ನಮ್ಮ ಕಡೆ ಮಡ್ಡಿ ಅಂದರೆ ಕಲ್ಲು ಬೆರೆತ ಗಟ್ಟಿ ದಿಬ್ಬದ ನೆಲ. ಎರೆ ಭೂಮಿಯಲ್ಲಿ ಗೋಡೆ ಬಿರಿಯುತ್ತದೆ. ಮಡ್ಡಿಯ ಮೇಲೆ ಕಟ್ಟಿದ್ದು ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತದೆ. “ಭಾಳ ಚಲೋ ಆತು” ಎಂದು ಅಂದೇ ಮಾತು ಮುಗಿಸಿದೆ.

ಇಲ್ಲಿ ಮಡ್ಡಿ ಎಂದರೆ ಎಣ್ಣೆಯ ಗಸಿ. ಲಾರಿಗಳಿಂದ ಬಸಿದ ಕರಿ ಎಣ್ಣೆಯನ್ನು ಅವನು ವರ್ಷಗಟ್ಟಲೆ ಅಲ್ಲಿಯೇ ಸುರಿದಿದ್ದ. ಮೇಲಿನ ಕೆಮ್ಮಣ್ಣು ಒಂದು ಗೇಣು ಅಗೆದರೆ ಕೆಳಗೆಲ್ಲ ಡಾಂಬರಿನಂಥ ಮಣ್ಣು.

ನಮ್ಮಲ್ಲಿ ಮೋಸ ಹೋದ ಹೆಂಗಸು ಮೋಸ ಮಾಡಿದವನ ಬಾಗಿಲಿಗೆ ಮಣ್ಣು ತೂರಿ ಬರುತ್ತಾಳೆ. ನಾನು ಅವನ ಮಣ್ಣನ್ನೇ ಬಟ್ಟೆಯಲ್ಲಿ ಕಟ್ಟಿಕೊಂಡು, ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗಕ್ಕೆ ಹೋದೆ. ಅವನ ಹೊಸ ಮನೆಗೆ ಆಗಷ್ಟೇ ಸುಣ್ಣ ಬಳಿದಿದ್ದರು.

“ಮುಂಚೇನೇ ಹೇಳಿದ್ನಲ್ಲಮ್ಮ, ಮಡ್ಡಿ ಅಂತ,” ಎಂದ ಓಬುಳಪ್ಪ, ಗಡಿಯ ಕನ್ನಡದಲ್ಲಿ. “ನೀನೇ ಚಲೋ ಆತು ಅಂದ್ಬುಟ್ಟೆ.”

ಒಳಗೆ ಕಡಲೆಕಾಯಿ ಸುಲಿಯುತ್ತಿದ್ದ ಅವನ ಹೆಂಡತಿ ತಲೆ ಎತ್ತದೆ, “ಹೇಳಿದ್ದು ಸರಿ. ಮೇಲೆ ನಾಲ್ಕು ಗಾಡಿ ಕೆಮ್ಮಣ್ಣು ಯಾಕೆ ಹೊಯ್ಸಿದ್ರಿ?” ಎಂದಳು.

“ನಿನ್ನ ಮನಿ ಮಣ್ಣಾಗ್ಲಿ” ಎಂದು ತೂರಿದೆ. ಎಣ್ಣೆ ಕುಡಿದ ಮಣ್ಣು ತೂರುತ್ತದೆಯೇ? ಅರ್ಧ ಅಂಗೈಗೇ ಮೆತ್ತಿತು, ಉಳಿದರ್ಧ ಉಂಡೆಯಾಗಿ ಹೋಗಿ ಬಿಳಿ ಗೋಡೆಗೆ ಅಂಟಿತು. ಶಾಪವನ್ನೂ ನೆಟ್ಟಗೆ ಹಾಕಲಾಗಲಿಲ್ಲವಲ್ಲ ಎಂದು ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ.

ತಿಂಗಳಿಗೆ ಅವನ ಹೆಂಡತಿ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

“ಮೂರು ಸಲ ಸುಣ್ಣ ಬಳ್ದ್ವಿ ಕಣಮ್ಮ. ಕಲೆ ಮತ್ತೆ ಎದ್ದು ಬತ್ತೈತೆ. ನಿನ್ ಶಾಪ ವಾಪಸ್ ತಗಂಡ್ಬುಡು.”

ಎಣ್ಣೆಯ ಕಲೆ ಸುಣ್ಣಕ್ಕೆ ಬಗ್ಗುವುದಿಲ್ಲವೆಂದು ಅಡುಗೆಯವಳಾದ ನನಗೆ ಗೊತ್ತಿತ್ತು. ಹೇಳಲಿಲ್ಲ.

“ಮೊದಲ ನಿಮ್ಮ ಮಣ್ಣು ನೀವು ಒಯ್ರಿ,” ಎಂದೆ.

ಅವಳ ಕಾಟಕ್ಕೆ ಓಬುಳಪ್ಪ ಟ್ರ್ಯಾಕ್ಟರ್ ತಂದ. ಎದೆಮಟ್ಟ ಅಗೆಸಿದ, ಬಾವಿ ಬತ್ತಿಸಿ ಒಳಗೋಡೆ ಕೆರೆಸಿದ, ಹೊಸ ಮಣ್ಣು ತುಂಬಿಸಿದ. ಅಷ್ಟು ದಿನವೂ ನಾನು ಎದುರಿಗೇ ಕಲ್ಲಿನ ಮೇಲೆ ಕೂತು ನೋಡಿದೆ. ಒಂದು ಲೋಟ ಮಜ್ಜಿಗೆ ಕೊಡಲಿಲ್ಲ. ಆ ಕರಿ ಮಣ್ಣನ್ನು ಯಾರ ಹೊಲದ ಪಕ್ಕಕ್ಕೆ ಒಯ್ದು ಸುರಿದನೋ, ಕೇಳಲೂ ಇಲ್ಲ. ಶಾಪವನ್ನಂತೂ ವಾಪಸು ತೆಗೆದುಕೊಳ್ಳಲಿಲ್ಲ.

ಎರಡು ಮಳೆಗಾಲ ಕಳೆದು ನೀರು ತಿಳಿಯಾಯಿತು, ಖಾನಾವಳಿಯ ಗೋಡೆ ಎದ್ದಿತು. ಆಗ ಓಬುಳಪ್ಪ ಮತ್ತೆ ಬಂದ. ಜಾಗಕ್ಕೆ ಈಗ ಬೆಲೆ ಬಂದಿತ್ತು. ನಾನು ಕೇಳಿದಷ್ಟು ಕೊಟ್ಟು ವಾಪಸು ಕೊಳ್ಳುತ್ತಾನಂತೆ. ಊರಿನಿಂದ ಬಂದಿದ್ದ ಅಣ್ಣ ನನ್ನನ್ನು ಒಳಗೆ ಕರೆದ.

“ಕೊಟ್ಟು ನಡಿ ತಂಗಿ. ನಮ್ಮ ಓಣ್ಯಾಗ ಒಂದು ಮನಿ ಮಾರಾಕ ಬಂದೈತಿ.”

ಗಂಡ ಸತ್ತ ದಿನದಿಂದ ನಾನು ಕಾದಿದ್ದ ಮಾತು ಅದು. ಹೊರಗೆ ಬಂದು ಓಬುಳಪ್ಪನ ಮುಖ ನೋಡಿದೆ. “ಇವ್ವನು,” ಕೊಡುವುದಿಲ್ಲ, ಎಂದು ಅವನ ತೆಲುಗಿನಲ್ಲೇ ಹೇಳಿದೆ. ಅಣ್ಣ ಒಬ್ಬನೇ ಬಸ್ಸು ಹತ್ತಿದ.

ಆ ಓಣಿಯ ಮನೆಯನ್ನು ಬೇರೆಯವರು ಕೊಂಡರಂತೆ. ನನ್ನ ಜಾಗ ಕೇಳಲು ಬಂದವನು ಮತ್ಯಾರೇ ಆಗಿದ್ದರೂ ನಾನಿಂದು ಗದಗದಲ್ಲಿರುತ್ತಿದ್ದೆ. ನನ್ನನ್ನು ಹಿಂದೂಪುರದವಳನ್ನಾಗಿ ಮಾಡಿದವನು ಓಬುಳಪ್ಪ. ಅದಕ್ಕೂ ಅವನನ್ನು ಕ್ಷಮಿಸಿಲ್ಲ.