ಗೋಡೆಯ ಮೇಲಿನ ಕೆಂಪು ಗೆರೆ

ಗೆಳೆಯರೇ, ಇವತ್ತು ಬೆಳಿಗ್ಗೆ ಬಾಗಲಕೋಟೆಯ ನವನಗರದ ನಮ್ಮ ಓಣಿಯಲ್ಲಿ ಸಭೆ ಸೇರಿತ್ತು. ಪಕ್ಕದ ಬಯಲಿನಲ್ಲಿ ಕೆಳಗೆ ಮಾಲ್, ಮೇಲೆ ನೂರಾರು ಫ್ಲಾಟ್ ಕಟ್ಟುತ್ತಾರಂತೆ. "ಇರೋ ನೀರ ನಮಗ ಸಾಲವಲ್ಲು, ಅವರಿಗೆಲ್ಲಿಂದ ಕೊಡ್ತೀರಿ?" ಎಂದು ಅರ್ಧ ಜನ, "ಊರು ಬೆಳೀಲಿ ಬಿಡ್ರಿ" ಎಂದು ಉಳಿದರ್ಧ. ಜಗಳ ಜೋರಾಗಿತ್ತು.

ಅಷ್ಟರಲ್ಲಿ ಎದುರು ಮನೆಯ ಗಂಗವ್ವ ಕಾಕು, "ಈ ಗೆರಿ ಯಾರ ಹೊಡದ್ರು?" ಎಂದರು. ನೋಡಿದರೆ ಓಣಿಯುದ್ದಕ್ಕೂ ಎಲ್ಲರ ಕಂಪೌಂಡ್ ಗೋಡೆಯ ಮೇಲೆ, ಎದೆಯೆತ್ತರಕ್ಕೆ, ಕೆಂಪು ಗೆರೆ. ನಿನ್ನೆ ಇರಲಿಲ್ಲ.

ನಾವೆಲ್ಲ ಮುಳುಗಡೆಯ ಜನ. ಹಳೇ ಊರಿನಲ್ಲಿ ಆಣೆಕಟ್ಟಿನ ಹಿನ್ನೀರು ಎಲ್ಲಿಯವರೆಗೆ ಏರುತ್ತದೆಂದು ನಮ್ಮ ಗೋಡೆಗಳಿಗೆ ಹೀಗೇ ಗೆರೆ ಎಳೆದಿದ್ದರು. ಮಾಲ್ ಬೇಕೇ ಬೇಕು ಎನ್ನುತ್ತಿದ್ದ ಕಿರಾಣಿ ಅಂಗಡಿಯ ಮಲ್ಲಪ್ಪ ಮೆಲ್ಲಗೆ ಕೇಳಿದ: "ಯಾವಾಗ ಖಾಲಿ ಮಾಡಬೇಕ್ರಿ?"

ಸಭೆಗೆ ಬಂದಿದ್ದ ಬಿಲ್ಡರ್ ಕಡೆಯ ಎಂಜಿನಿಯರ್ ನಕ್ಕುಬಿಟ್ಟ. "ಅದು ಸರ್ವೆ ಗುರುತು ರೀ. ಇಷ್ಟು ಎತ್ತರದ ಜಾಗಕ್ಕೆ ನೀರು ಎಲ್ಲಿಂದ ಬರುತ್ತೆ?"

"ಆವಾಗ ಬಂದವರೂ ಹಿಂಗ ನಕ್ಕೋತ ಗೆರಿ ಹೊಡದಿದ್ರಪಾ" ಎನ್ನುತ್ತಾ ಕಾಕು ಗೆರೆಯ ಮೇಲೆ ಅಂಗೈ ಇಟ್ಟರು. ಆಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಂಡರು, ಒದ್ದೆಯಾದವರ ಹಾಗೆ. ನಾನು ಮುಟ್ಟಿ ನೋಡಿದೆ. ಬಣ್ಣ ಪೂರ್ತಿ ಒಣಗಿತ್ತು.

ಸಭೆ ತಾನಾಗಿಯೇ ಚದುರಿತು. ಮನೆಗೆ ಬಂದರೆ ಅವ್ವ ಆಗಲೇ ಜೋಳದ ಚೀಲ, ದೇವರ ಫೋಟೋ ಎಲ್ಲವನ್ನೂ ಅಟ್ಟಕ್ಕೇರಿಸಿದ್ದಳು. "ನಿನಗೇನ ಹುಚ್ಚ ಹಿಡದತೇನಬೇ?" ಎಂದು ಜೋರಾಗಿ ನಕ್ಕೆ.

ನಗಬಾರದಿತ್ತು. ಈ ಪೋಸ್ಟನ್ನು ನಾನು ಎರಡೂ ಕಾಲು ಕುರ್ಚಿಯ ಮೇಲೆ ಎತ್ತಿಟ್ಟುಕೊಂಡು ಬರೆಯುತ್ತಿದ್ದೇನೆ.