ಅಕ್ಕ ತೋರಿಸಿದ ಬೇರು

ಮೊಮ್ಮಕ್ಕಳೇ, ನಾನಿನ್ನೂ ನಿಮ್ಮ ಎದೆಮಟ್ಟಕ್ಕೂ ಬಾರದ ಹುಡುಗನಾಗಿದ್ದಾಗ, ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಹಿಂದೆ ಒಂದು ಸಣ್ಣ ಹಿತ್ತಲಿತ್ತು. ಬಚ್ಚಲ ನೀರು ಗೋಡೆಯ ತೂತಿನಿಂದ ಹರಿದು ನೇರ ಅಕ್ಕನ ಬದನೆ ಗಿಡಗಳ ಬುಡಕ್ಕೆ ಹೋಗುತ್ತಿತ್ತು. ಆ ಕಾಲುವೆ ತೋಡಿದವಳು ಅಕ್ಕನೇ. ಶಾಲೆ ಬಿಡಿಸಿದ ಮೇಲೆ ತನ್ನದು ಅಂತ ಅವಳಿಗಿದ್ದದ್ದು ಆ ಹಿತ್ತಲೊಂದೇ. ಬದನೆ ಸಾಲು, ಒಂದು ಹೀರೆ ಬಳ್ಳಿ, ನಾಲ್ಕಾರು ಮೆಣಸಿನ ಗಿಡ. ಅಲ್ಲಿ ಹಸಿ ಮಣ್ಣು, ಸೀಗೆಪುಡಿ, ಬದನೆ ಎಲೆ ಎಲ್ಲ ಸೇರಿದ ಒಂದು ವಾಸನೆ ಇರುತ್ತಿತ್ತು. ಅಕ್ಕನ ಕೈಗೂ ಅದೇ ವಾಸನೆ.

ಬದನೆ ಗಿಡಗಳು ಕೆಲವು ದಿನಗಳಿಂದ ಸೊರಗುತ್ತಿದ್ದವು. ಆ ದಿನ ಬೆಳಿಗ್ಗೆ ನೋಡಿದರೆ ಎಲೆಗಳೆಲ್ಲ ಹಿಂಡಿದ ಅರಿವೆಯಂತೆ ಜೋತುಬಿದ್ದಿದ್ದವು. ಬುಡದಲ್ಲಿ ನೀರಿತ್ತು. ಎಲೆಯಲ್ಲಿ ಹುಳ ಇರಲಿಲ್ಲ. ಬೂದಿ ಉದುರಿಸಿದ್ದೂ ಆಗಿತ್ತು. ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲಿಂದ ಇಣುಕಿದಳು.

"ಯಾಕಬೇ, ಹೊರಗ ಕುಂತಾಗ ಹಿತ್ತಲಕ ಬಂದಿದ್ದೇನು?"

ಮುಟ್ಟಾದ ಹೆಣ್ಣುಮಕ್ಕಳನ್ನು ಆಗ ಮನೆಯ ಹೊರಗಿನ ಕಟ್ಟೆಯ ಮೇಲೆ ಕೂರಿಸುತ್ತಿದ್ದರು. ಅವರು ಮುಟ್ಟಿದರೆ, ಅವರ ನೆರಳು ಬಿದ್ದರೂ ಸಾಕು, ಕಾಯಿಪಲ್ಲೆ ಗಿಡ ಸುಟ್ಟುಹೋಗುತ್ತದೆ ಅಂತ ನಂಬಿದ್ದರು.

"ಇಲ್ಲಬೇ ಅಜ್ಜಿ, ಆ ಮೂರು ದಿನ ಕಟ್ಟಿ ಬಿಟ್ಟು ಇಳಿದಿಲ್ಲ ನಾನು," ಅಂದಳು ಅಕ್ಕ.

"ಮತ್ತ ಗಿಡಕ್ಕೇನು ಸಾಯೋ ಹುಚ್ಚು ಹಿಡಿದೈತೇನು? ನಿನ್ನ ನೆರಳರ ಬಿದ್ದಿರಬೇಕು ತಗೀ."

"ನನ್ನ ನೆರಳು ಗ್ವಾಡಿ ಹಾರಿ ಬರತೈತೇನಬೇ?"

ನಾನು ನಕ್ಕೆ. ಅಜ್ಜಿ ನಗಲಿಲ್ಲ.

ಮಧ್ಯಾಹ್ನ ಅಪ್ಪ ಉಣ್ಣಲು ಬರುವಾಗ, ಓಣಿಯ ತುದಿಯಲ್ಲೇ ಅಜ್ಜಿಯ ಮಾತು ಅವನ ಕಿವಿಗೆ ಬಿದ್ದಿತ್ತು. ಅಕ್ಕ ಅವನಿಗಾಗಿಯೇ ಕಾಯುತ್ತಿದ್ದಳು. ಬಾಡಿದ ಗಿಡವೊಂದನ್ನು ಬೇರುಸಮೇತ ಕಿತ್ತು, ತೊಳೆದು, ಎರಡೂ ಕೈಯಲ್ಲಿ ಹಿಡಿದು ಮುಂದೆ ಬಂದಳು. ಬೇರಿನ ತುಂಬ ಗಂಟುಗಳು, ನೂಲಿಗೆ ಜೋಳದ ಕಾಳು ಪೋಣಿಸಿದ ಹಾಗೆ.

"ಅಪ್ಪಾ, ಇಲ್ಲಿ ನೋಡು. ಬೇರಿನಾಗ ಏನೋ ಆಗೈತಿ. ನನ್ನಿಂದಲ್ಲ ಇದು."

ಅಪ್ಪ ಬೇರು ನೋಡಲಿಲ್ಲ. ಅವಳ ಪಾದ ನೋಡಿದ. ಪಾದಕ್ಕೆ ಹಿತ್ತಲ ಕೆಸರು ಮೆತ್ತಿತ್ತು.

"ಇನ್ನ ಮ್ಯಾಲೆ ನೀ ಹಿತ್ತಲಕ ಕಾಲಿಡಬ್ಯಾಡ," ಅಂದ.

ಆಮೇಲೆ ತಾನೇ ಹೋಗಿ ಎಲ್ಲ ಕಿತ್ತ. ಹಳದಿ ಹೂ ಬಿಟ್ಟು ಚೆನ್ನಾಗಿದ್ದ ಹೀರೆ ಬಳ್ಳಿಯನ್ನೂ ಚಪ್ಪರದಿಂದ ಎಳೆದು ಹಾಕಿದ. ಅವ್ವ ಒಲೆ ಮುಂದಿನಿಂದ ಏಳಲಿಲ್ಲ. ಅವತ್ತು ರೊಟ್ಟಿ ಬಡಿಯುವ ಸದ್ದು ಮಾತ್ರ ಜೋರಾಗಿತ್ತು.

ಸ್ವಲ್ಪ ದಿನ ಬಿಟ್ಟು ಅಪ್ಪ ಆ ಜಾಗ ನನಗೆ ಕೊಟ್ಟ. "ಗಂಡಹುಡುಗ ಅದೀ, ನೀ ಹಚ್ಚು." ಅದೇ ಮಣ್ಣಿಗೆ ಟೊಮೆಟೊ ಸಸಿ ಹಚ್ಚಿದೆ. ಅಕ್ಕ ಹಿತ್ತಲ ಬಾಗಿಲ ಹೊಸ್ತಿಲಲ್ಲಿ ನಿಂತು, ಇಷ್ಟು ನೀರು ಹಾಕು, ಅಲ್ಲಿ ಕೋಲು ಊರು ಅಂತ ಹೇಳಿಕೊಟ್ಟಳು. ಹೊಸ್ತಿಲು ದಾಟಲಿಲ್ಲ. ನನ್ನ ಗಿಡಗಳೂ ಹಾಗೇ ಬಾಡಿ ಸತ್ತವು. ಅಪ್ಪ ಸಸಿ ಕೊಟ್ಟವನನ್ನು ಬೈದ. ನಾನು ಎಲ್ಲಿ ಕೂತಿದ್ದೆ, ನನ್ನ ನೆರಳು ಎಲ್ಲಿ ಬಿದ್ದಿತ್ತು ಅಂತ ಯಾರೂ ಕೇಳಲಿಲ್ಲ. ಕೊನೆಗೆ ಆ ಜಾಗದಲ್ಲಿ ಕಟ್ಟಿಗೆ ಒಟ್ಟಿದೆವು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ಒಂದೊಂದು ವರ್ಷವನ್ನೂ ಹಲ್ಲುಕಚ್ಚಿ ದಾಟಿದವನು. ಕಾಲೇಜಿನಲ್ಲಿ ಒಂದು ದಿನ ಮೇಷ್ಟ್ರು ಬದನೆ ಬೇರು ತಂದು ಮೇಜಿನ ಮೇಲಿಟ್ಟರು. ಅವೇ ಗಂಟುಗಳು! ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಮಣ್ಣಿನಲ್ಲಿದ್ದು ಬೇರಿಗೆ ಗಂಟು ಕಟ್ಟಿಸುತ್ತದೆ, ವರ್ಷ ವರ್ಷವೂ ಅದೇ ಜಾಗದಲ್ಲಿ ಬದನೆ ಹಚ್ಚಿದರೆ ಹೆಚ್ಚುತ್ತಾ ಹೋಗುತ್ತದೆ, ಟೊಮೆಟೊವನ್ನೂ ಬಿಡುವುದಿಲ್ಲ ಅಂದರು. ಆ ವಾರವೇ ಬಸ್ಸು ಹತ್ತಿ ಊರಿಗೆ ಬಂದು ಅಪ್ಪನಿಗೆ ಹೇಳಿದೆ.

"ನಾಕು ಅಕ್ಷರ ಕಲಿತು ನನಗ ಬುದ್ಧಿ ಹೇಳಾಕ ಬಂದೀಯೇನಲೇ?" ಅಂದು ಎದ್ದು ಹೋದ.

ಮದುವೆಯಾಗಿ ಕೊಟ್ಟೂರು ಸೇರಿದ್ದ ಅಕ್ಕನಿಗೂ ಹೋಗಿ ಹೇಳಿದೆ. ಅವಳಾದರೂ ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಕೇರುತ್ತಿದ್ದ ಮೊರದಿಂದ ಅವಳು ತಲೆ ಎತ್ತಲಿಲ್ಲ.

"ನಿನಗ ಈಗ ಗೊತ್ತಾತು," ಅಂದಳು. "ನಾ ಅವತ್ತಾ ತೋರಿಸಿದ್ದೆನಲ್ಲೋ."

ಈಗ ನೀವು ಮಹಡಿ ಮೇಲೆ ಕುಂಡ ಇಟ್ಟು ಟೊಮೆಟೊ ಬೆಳೆಯುತ್ತೀರಿ. ನಿಮ್ಮ ಗಿಡಗಳೂ ಸಾಯುತ್ತವೆ. ಮೊನ್ನೆ ನಿಮ್ಮಲ್ಲಿ ದೊಡ್ಡವಳು ಬಾಡಿದ ಗಿಡ ಕಿತ್ತು, ಬೇರನ್ನು ಮೊಬೈಲಿನಲ್ಲಿ ಫೋಟೋ ತೆಗೆದು, "ತಾತಾ, ನೀರು ಹೆಚ್ಚಾಗಿ ಕೊಳೆತೈತಿ ನೋಡು," ಅಂದಳು. ಅವಳಿಗೆ ಅವತ್ತು ಮುಟ್ಟು. ಹೊಟ್ಟೆನೋವು ಅಂತ ನನಗೇ ಹೇಳಿದ್ದಳು, ಆದರೂ ಉಳಿದ ಕುಂಡಗಳಿಗೆಲ್ಲ ನೀರು ಹಾಕಿದಳು. ಯಾರೂ ಅವಳ ಪಾದ ನೋಡಲಿಲ್ಲ.

ಅಕ್ಕ ಅವತ್ತು ನಮ್ಮ ಮನೆಯಲ್ಲೇ ಇದ್ದಳು. ಮೊಮ್ಮಗಳು ಒಂದು ಹೊಸ ಸಸಿ ಅವಳ ಮುಂದೆ ಹಿಡಿದಳು. "ಅಜ್ಜೀ, ಬರ್ರಿ, ಇದನ್ನ ನೀವಾ ಹಚ್ರಿ."

ಅಕ್ಕ ಮಹಡಿ ಬಾಗಿಲ ಹೊಸ್ತಿಲಲ್ಲೇ ನಿಂತಿದ್ದಳು. ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ನೀ ಹಚ್ಚವ್ವ," ಅಂದಳು. "ನಾ ಇಲ್ಲಿಂದಾ ಹೇಳ್ತೀನಿ."