ಅತ್ತೆ ಕಟ್ಟಿದ ಮೂವತ್ತು ಕಾರ್ಡು

ಶನಿವಾರ ಬೆಳಿಗ್ಗೆ ನಾನು ಒದ್ದೆ ಬಟ್ಟೆಯ ಬಕೆಟ್ ಹಿಡಿದು ಹಾದುಹೋಗುವಾಗ ಅತ್ತೆ ಊಟದ ಮೇಜಿನ ಮೇಲೆ ಗಾಯಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಬಕೆಟ್ ಕೆಳಗಿಟ್ಟು ನೋಡಿದೆ. ಆಟದ ಕಾರ್ಡುಗಳು. ಒಂದರಲ್ಲಿ ಹೆಗಲು ಸೀಳಿಹೋದ ಬೇಟೆಗಾರ, ಇನ್ನೊಂದರಲ್ಲಿ ಕುಂಟುತ್ತಿರುವ ರಾಜಕುಮಾರ, ಮೂರನೆಯದರಲ್ಲಿ ಡ್ರ್ಯಾಗನ್ನಿನ ಬೆಂಕಿಗೆ ಬೆಂದ ತೋಳನ್ನು ಮುಂದೆ ಚಾಚಿ ನಿಂತ ಹೆಂಗಸು.

“ಇದು ಯಾರಿಗೆ ಅತ್ತೆ?”

“ಪುಟ್ಟಿಗೆ. ಇವತ್ತು ಅವಳ ಮೊದಲನೇ ಆಟ ಅಲ್ವಾ.”

ಪುಟ್ಟಿ ನನ್ನ ಮಗಳು, ಎಂಟು ವರ್ಷ. ಹೋದ ವರ್ಷ ನಾನು ಒಲೆಯ ಮೇಲಿಟ್ಟಿದ್ದ ಕುದಿನೀರು ಅವಳ ಬಲಗೈ ಮೇಲೆ ಬಿತ್ತು. ಫೋನ್ ಬಂತೆಂದು ತಿರುಗಿದ್ದೆ, ಅಷ್ಟೇ. ಗಾಯ ಮಾಗಿತು, ಚರ್ಮ ಮಾತ್ರ ಸುಕ್ಕುಗಟ್ಟಿ ಹೊಳೆಯುತ್ತ ಉಳಿಯಿತು. ಅಂದಿನಿಂದ ಅವಳಿಗೆ ಸುಡುಬೇಸಿಗೆಯಲ್ಲೂ ತುಂಬುತೋಳಿನ ಅಂಗಿ. ಶಾಲೆಯಲ್ಲಿ ಒಬ್ಬಳೇ ಕೂರುತ್ತಾಳೆ, ಯಾರಾದರೂ ಆಟಕ್ಕೆ ಕರೆದರೆ ತಲೆನೋವು ಅನ್ನುತ್ತಾಳೆ. ಗ್ರಂಥಾಲಯದ ಮಹಡಿಯ ಮೇಲೆ ಮಕ್ಕಳು ಆಡುವ ಈ ಕಾರ್ಡಿನಾಟಕ್ಕೆ ಬರುತ್ತೇನೆಂದು ಅವಳಾಗಿಯೇ ಬಾಯಿಬಿಟ್ಟದ್ದು ವರ್ಷದಲ್ಲಿ ಅದೇ ಮೊದಲು. ಇದೂ ಕೈತಪ್ಪಿದರೆ ಅವಳು ಇನ್ನಾರ ಪಕ್ಕದಲ್ಲೂ ಕೂರಲಾರಳು ಎಂದು ನಾನು ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

ಅತ್ತೆಯ ಬಗ್ಗೆ ಹೇಳಬೇಕು. ಅವರು ನರ್ಸು. ಮೊದಲು ಆಪರೇಷನ್ ಥಿಯೇಟರು, ಆಮೇಲೆ ಇಪ್ಪತ್ತಾರು ವರ್ಷ ಸುಟ್ಟಗಾಯದ ವಾರ್ಡು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಹಾಸಿದ ಹಾಸಿಗೆಯನ್ನು ಅವರು ಮಾತಿಲ್ಲದೆ ಕಿತ್ತು, ಮೂಲೆಗಳನ್ನು ಲಕೋಟೆಯ ಹಾಗೆ ಮಡಚಿ ಮತ್ತೆ ಹಾಸುತ್ತಿದ್ದರು. ಹಾಲಿನ ಪಾತ್ರೆಗೂ ಚೀಟಿ ಅಂಟಿಸಿ ಕಾಯಿಸಿದ ಗಂಟೆ ಬರೆಯುತ್ತಾರೆ. ಏನನ್ನೂ ಎಣಿಸದೆ ಮುಚ್ಚುವವರಲ್ಲ. “ಹೊಟ್ಟೆಯೊಳಗೆ ಒಂದು ಬಟ್ಟೆ ಚೂರು ಮರೆತರೆ ಡಾಕ್ಟರು ಸಾಯಲ್ಲ” ಎನ್ನುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ಬಟ್ಟೆ ಒಣಗಿಸುವ ಕ್ಲಿಪ್ಪುಗಳೂ ಸಂಜೆ ಹಾಜರಿ ಕೊಡುತ್ತವೆ.

ನಿವೃತ್ತಿಯಾದ ಮೇಲೆ ಪೇಪರು ಓದಲು ಗ್ರಂಥಾಲಯಕ್ಕೆ ಹೋಗುತ್ತಿದ್ದರು. ಒಂದು ದಿನ ಮಹಡಿಯ ಮೇಲೆ ಗಲಾಟೆ ಕೇಳಿ ಬೈಯಲು ಹತ್ತಿದರು. ಆಡುವವರಲ್ಲಿ ಒಬ್ಬರು ಕಡಿಮೆ ಬಿದ್ದಿದ್ದರಂತೆ. ಬೈಯಲು ಹೋದವರು ಮೂರು ಗಂಟೆ ಬಿಟ್ಟು ಇಳಿದು ಬಂದರು, ಸೋತ ಮುಖ ಹೊತ್ತು. ಈಗ ಅಲ್ಲಿ ಅವರಿಗೆ ಸಿಸ್ಟರಜ್ಜಿ ಎಂದೇ ಹೆಸರು. ಹೊಸ ಮಕ್ಕಳಿಗೆ ಮೊದಲ ಕಟ್ಟು ಕಟ್ಟಿಕೊಡುವುದು ಅವರ ಕೆಲಸ.

“ಇದರಲ್ಲಿ ಒಬ್ಬರನ್ನೊಬ್ಬರು ಸೋಲಿಸೋದಿಲ್ಲ” ಎಂದರು ಆ ಶನಿವಾರ, ಕಾರ್ಡು ಜೋಡಿಸುತ್ತಲೇ. “ನಾಲ್ಕು ಜನ ಸೇರಿ ಡ್ರ್ಯಾಗನ್ ಮೇಲೆ. ಗೆದ್ರೆ ನಾಲ್ವರೂ, ಸೋತ್ರೆ ನಾಲ್ವರೂ. ಒಬ್ಬೊಬ್ಬರದು ಮೂವತ್ತು ಕಾರ್ಡಿನ ಕಟ್ಟು. ಕಟ್ಟಿಗೆ ಒಂದೇ ಗುಣ ಇರಬೇಕು. ಎಲ್ಲಾನೂ ತುರುಕಿದ್ರೆ ಬೇಕಾದಾಗ ಯಾವುದೂ ಕೈಗೆ ಬರಲ್ಲ.”

“ಇದರ ಗುಣ ಏನು?”

“ವಾರ್ಡು.”

ಹದಿನೆಂಟು ಕಾರ್ಡು ವಾಸಿ ಮಾಡುವವರದು: ಬೇರು ಅರೆಯುವ ಮುದುಕಿ, ನೀರು ಹೊರುವ ದೈತ್ಯ, ದೀಪ ಹಿಡಿದ ಜೀರುಂಡೆ. ಉಳಿದ ಹನ್ನೆರಡು ಈ ಗಾಯದವು. ಅವಕ್ಕೆ ಹೊರೆ ಎಂದು ಹೆಸರು. ಹೊರೆ ಕಾರ್ಡು ಹಾಕಿದರೆ ಗೆಳೆಯರ ಮೇಲಿನ ಗಾಯವನ್ನು ಎತ್ತಿ ತನ್ನ ಮುಂದೆ ಇಟ್ಟುಕೊಳ್ಳಬಹುದು. ಆ ಹದಿನೆಂಟು ಜನ ಅದನ್ನು ವಾಸಿ ಮಾಡುತ್ತಾರೆ. ವಾಸಿಯಾದ ಪ್ರತಿ ಗಾಯಕ್ಕೂ ಡ್ರ್ಯಾಗನ್‌ಗೆ ಒಂದು ಏಟು.

ನನಗೆ ಅದೆಲ್ಲ ಕಿವಿಗೆ ಬೀಳಲಿಲ್ಲ. ಕಣ್ಣೆಲ್ಲ ಆ ಬೆಂದ ತೋಳಿನ ಮೇಲೆ.

“ಈ ಚಿತ್ರಾನೇ ಬೇಕಿತ್ತಾ ಅತ್ತೆ? ಬೇರೆ ಇರಲಿಲ್ವಾ?”

“ಇತ್ತು” ಎಂದು ಅವರು ಸ್ನಾನಕ್ಕೆ ಎದ್ದರು.

ನಮ್ಮ ಯಜಮಾನರ ಹತ್ತಿರ ಹೋಗಿ ಹೇಳಿಕೊಂಡೆ. “ಅದು ಕಾರ್ಡು ಕಣೇ, ಇಂಜೆಕ್ಷನ್ ಅಲ್ಲ” ಎಂದು ಶೂ ಹಾಕಿಕೊಂಡು ಕೆಲಸಕ್ಕೆ ಹೋದರು. ಗಂಡಂದಿರಿಗೆ ಇಷ್ಟು ಸುಲಭ.

ಬಚ್ಚಲಿನಲ್ಲಿ ನೀರಿನ ಸದ್ದು ಕೇಳುತ್ತಿರುವಾಗಲೇ ನಾನು ಅತ್ತೆಯ ತಗಡಿನ ಡಬ್ಬಿ ತೆರೆದೆ. ನೂರಾರು ಕಾರ್ಡು. ಗುರಾಣಿಗಳಿದ್ದವು; ಹೊಳೆಯುವ, ಗಟ್ಟಿಮುಟ್ಟಾದ, ಒಂದೂ ಗೀರಿಲ್ಲದ ಗುರಾಣಿಗಳು. ಹನ್ನೆರಡು ಆರಿಸಿ ಕಟ್ಟಿನಲ್ಲಿ ಸೇರಿಸಿದೆ. ಹನ್ನೆರಡು ಹೊರೆಗಳನ್ನು ನನ್ನ ಕೈಚೀಲಕ್ಕೆ ಹಾಕಿ ಜಿಪ್ ಎಳೆದೆ. ಡ್ರ್ಯಾಗನ್ ಬರಲಿ, ಅದರಪ್ಪ ಬರಲಿ, ನನ್ನ ಮಗುವನ್ನು ಮುಟ್ಟಬಾರದು.

ಅತ್ತೆ ಹೊರಡುವ ಮುನ್ನ ಕಟ್ಟನ್ನು ಕೈಗೆತ್ತಿಕೊಂಡಾಗ ನಾನು ಕೈಚೀಲವನ್ನು ಸೆರಗಿನ ಮರೆಗೆ ಸರಿಸಿದೆ. ಆದರೆ ಅವರು ಕಾರ್ಡುಗಳ ಬೆನ್ನ ಕಡೆಯಿಂದಲೇ, ನೋಟು ಎಣಿಸುವವರ ಹಾಗೆ ಸರಸರ ಎಣಿಸಿದರು. “ಮೂವತ್ತು. ಸರಿ.” ರಬ್ಬರ್ ಬ್ಯಾಂಡ್ ಹಾಕಿದರು. ಇಪ್ಪತ್ತಾರು ವರ್ಷ ಲೆಕ್ಕ ಒಮ್ಮೆಯೂ ತಪ್ಪದವರು ತಿರುಗಿಸಿ ನೋಡುವುದೇಕೆ?

ಮಹಡಿಯ ಕೋಣೆಯಲ್ಲಿ ಪುಟ್ಟಿಯ ಮೇಜಿನಲ್ಲಿ ಇನ್ನೂ ಮೂವರು: ಹಲ್ಲಿಗೆ ತಂತಿ ಹಾಕಿಸಿಕೊಂಡ ಹುಡುಗಿ ಮತ್ತು ಇಬ್ಬರು ಅಣ್ಣತಮ್ಮಂದಿರು. ಅತ್ತೆ ಪಕ್ಕದ ಮೇಜಿನವರಿಗೆ ನಿಯಮ ಹೇಳುತ್ತಿದ್ದರು. ನಾನು ಗೋಡೆಗೊರಗಿ ನಿಂತೆ.

ಮೊದಲ ಸುತ್ತು ಡ್ರ್ಯಾಗನ್ ನಾಲ್ವರ ಮೇಲೂ ಬೆಂಕಿ ಉಗುಳಿತು. ಪುಟ್ಟಿ ಗುರಾಣಿ ಹಾಕಿದಳು. ಉಳಿದ ಮೂವರ ಮುಂದೆ ಗಾಯದ ಗುರುತಿನ ಕೆಂಪು ಬಿಲ್ಲೆ ಬಿತ್ತು. ನನಗೆ ನಗು ಬಂತು ಕೂಡ. ಎರಡನೇ ಸುತ್ತು, ಮತ್ತೆ ಗುರಾಣಿ. ಮೂರನೆಯದು, ನಾಲ್ಕನೆಯದು. ಆ ಗುರಾಣಿ ಹಿಡಿದವಳನ್ನು ಮಾತ್ರ ಕಾಯುತ್ತದೆ ಎಂಬುದು ನನಗೆ ಆಗ ತಿಳಿಯಿತು.

“ಹೊರೆ ಹಾಕೇ” ಎಂದಳು ತಂತಿಹಲ್ಲಿನ ಹುಡುಗಿ. “ನಂಗೆ ಇನ್ನೊಂದು ಬಿದ್ರೆ ಸತ್ತೆ.”

“ಬರ್ತಾನೇ ಇಲ್ಲ.”

ಅವಳು ಸತ್ತಳು. ಆಮೇಲೆ ತಮ್ಮ, ಆಮೇಲೆ ಅಣ್ಣ. ಮೂವರೂ ಕಾರ್ಡು ಬೋರಲು ಹಾಕಿ ಕುರ್ಚಿ ಹಿಂದಕ್ಕೆ ತಳ್ಳಿದರು.

“ನೀನೊಬ್ಬಳೇ ಚೆನ್ನಾಗಿರು, ಮಹಾರಾಣಿ” ಎಂದ ಅಣ್ಣ.

ಮೇಜಿನಲ್ಲಿ ನನ್ನ ಮಗಳು ಒಬ್ಬಳೇ ಉಳಿದಿದ್ದಳು, ಒಂದು ಗೀರೂ ಇಲ್ಲದೆ. ಮುಂದೆ ಕೆಲಸವಿಲ್ಲದ ಮುದುಕಿ, ದೈತ್ಯ, ಜೀರುಂಡೆ. ಅವಳ ಬಲಗೈ ನಿಧಾನವಾಗಿ ಅಂಗಿಯ ತೋಳಿನೊಳಗೆ ಸೇರಿಕೊಂಡಿತು. ಇದನ್ನು ಮಾಡಿದ್ದು ಶಾಲೆಯವರಲ್ಲ, ಈ ಮಕ್ಕಳಲ್ಲ, ನಾನು.

ಅತ್ತೆ ಬಂದು ಉಳಿದ ಕಟ್ಟನ್ನು ಬಿಡಿಸಿ ಹರಡಿದರು. ಗುರಾಣಿ, ಗುರಾಣಿ. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ಅದೇ ಮೊದಲು ನೋಡಿದ್ದು. “ನಾನು ಎಣಿಸಿದ್ದೆನಲ್ಲ” ಎಂದು ತಮಗೇ ಹೇಳಿಕೊಂಡರು. ಆಮೇಲೆ ತಲೆಯೆತ್ತಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಕೈ ಆಗಲೇ ಕೈಚೀಲದ ಮೇಲಿತ್ತು.

ಹನ್ನೆರಡು ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ. “ಸಿಸ್ಟರಜ್ಜಿ ಸರಿಯಾಗೇ ಕಟ್ಟಿದ್ರು. ತೆಗೆದಿದ್ದು ನಾನು. ಅವಳದೇನೂ ತಪ್ಪಿಲ್ಲ.”

“ಆಂಟಿ, ನೀವು ಡ್ರ್ಯಾಗನ್ ಕಡೆಯವರಾ?” ಎಂದ ತಮ್ಮ. ಯಾರೂ ನಗಲಿಲ್ಲ.

ಪುಟ್ಟಿ ಕಾರ್ಡುಗಳನ್ನು ನೋಡಿದಳು, ಬೆಂದ ತೋಳಿನ ಹೆಂಗಸನ್ನು ಸ್ವಲ್ಪ ಹೆಚ್ಚು ಹೊತ್ತು. ನನ್ನ ಕಡೆ ತಿರುಗಲಿಲ್ಲ. “ಅಮ್ಮ, ನೀನು ಹೊರಗೆ ಕೂತ್ಕೋ” ಎಂದಳು.

ಎಂಟು ವರ್ಷದಲ್ಲಿ ಅವಳು ನನ್ನನ್ನು ಹೋಗು ಎಂದಿರಲಿಲ್ಲ. ಮೆಟ್ಟಿಲ ಮೇಲೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ, ಕಟ್ಟನ್ನು ಮೊದಲಿನಂತೆ ಸರಿಮಾಡಿಕೊಟ್ಟು ಅತ್ತೆಯೂ ಬಂದು ಮಂಡಿ ಹಿಡಿದು ಪಕ್ಕದಲ್ಲಿ ಕೂತರು.

“ಬೈದುಬಿಡಿ ಅತ್ತೆ.”

“ವಾರ್ಡಿಗೆ ಸೇರಿದ ಹೊಸದರಲ್ಲಿ ಕನ್ನಡಿಗಳನ್ನೆಲ್ಲ ನಾನೇ ತೆಗೆಸಿಹಾಕಿದ್ದೆ” ಎಂದರು. “ನೋಡ್ಕೊಂಡು ನೊಂದ್ಕೋಬಾರದು ಅಂತ. ಒಂದು ಹುಡುಗಿ ಗೋಡೆ ಮೇಲಿನ ಖಾಲಿ ಮೊಳೆ ನೋಡ್ತಾ ಕೇಳ್ತು, ಸಿಸ್ಟರ್, ನಾನು ಅಷ್ಟು ಕೆಟ್ಟದಾಗಿದೀನಾ ಅಂತ.”

“ನೀವೇನಂದ್ರಿ?”

“ಏನು ಹೇಳೋದು? ಸ್ಟೋರ್ ರೂಮಿಗೆ ಓಡಿಹೋಗಿ ಕನ್ನಡಿ ತಂದೆ.”

ಒಳಗೆ ಕುರ್ಚಿಗಳನ್ನು ಮತ್ತೆ ಮೇಜಿನತ್ತ ಎಳೆದ ಸದ್ದಾಯಿತು. ಡ್ರ್ಯಾಗನ್ ಬೆಂಕಿ ಉಗುಳಿತು, ತಂತಿಹಲ್ಲಿನ ಹುಡುಗಿ ಸತ್ತೇ ಸತ್ತೇ ಎಂದು ಕೂಗಿಕೊಂಡಳು. ಅದರ ಮೇಲೆ ಇನ್ನೊಂದು ದನಿ ಬಂತು, ಜಗಳಗಂಟಿಯ ಗಟ್ಟಿ ದನಿ. ಯಾರ ಮಗುವೋ ಅಂದುಕೊಂಡೆ.

“ನಿನ್ನ ಗಾಯ ಈ ಕಡೆ ತಳ್ಳೇ. ಹೆದರ್ಕೋಬೇಡ, ನಂಗೆ ಇದೆಲ್ಲ ಗೊತ್ತು.”

ನಾನು ಏಳಹೊರಟೆ. ಅತ್ತೆ ನನ್ನ ಸೆರಗು ಹಿಡಿದು ಕೂರಿಸಿದರು.